ರಾತ್ರಿಯ ಪಾಳಿ

ನಮ್ಮ ಕಡೆ ಬಾಣಂತಿಯನ್ನು ನೋಡಲು ಬಂದವರು ಮೊದಲು ಕೇಳುವ ಮಾತು, "ಕೂಸು ರಾತ್ರಿ ಮಲಗತೈತೇನ?" ಎಂದು. ಮಲಗುತ್ತದೆ ಎಂದರೆ "ಪುಣ್ಯಾದ ಕೂಸು" ಎನ್ನುತ್ತಾರೆ. ಮಲಗುವುದಿಲ್ಲ ಎಂದರೆ ತಾಯಿಯ ಮುಖ ನೋಡುತ್ತಾರೆ. ಆ ನೋಟದಲ್ಲಿ ಸಣ್ಣದೊಂದು ವಿಚಾರಣೆಯೇ ಇರುತ್ತದೆ. ಏನು ತಿಂದಳೋ, ಹೊತ್ತು ಮುಳುಗಿದ ಮೇಲೆ ಕೂಸನ್ನು ಹೊರಗೆ ಒಯ್ದಳೋ, ಯಾರೆದುರು ಹಾಲು ಕುಡಿಸಿದಳೋ! ಅಂತೂ ಕೂಸು ಮಲಗಿದರೆ ಪುಣ್ಯ ಕೂಸಿನದು, ಮಲಗದಿದ್ದರೆ ತಪ್ಪು ತಾಯಿಯದು. ತಾಯಿ ಮಲಗಿದಳೋ ಇಲ್ಲವೋ ಎಂದು ಕೇಳುವವರು ಮಾತ್ರ ಬಹಳ ಕಡಿಮೆ.

ನಮ್ಮದು ಕಲಘಟಗಿ ತಾಲೂಕಿನ ಊರು. ಕಲಘಟಗಿ ಎಂದರೆ ತೊಟ್ಟಿಲು ಎಂದು ನಿಮಗೆಲ್ಲ ಗೊತ್ತೇ ಇದೆ. ಸಾಗುವಾನಿ ಕಟ್ಟಿಗೆಯಲ್ಲಿ ಮಾಡಿ, ಅರಗಿನ ಬಣ್ಣ ಹಾಕಿ, ಸುತ್ತಲೂ ಕೃಷ್ಣನ ಬಾಲಲೀಲೆ, ರಾಮಾಯಣದ ಕಥೆ ಬರೆದ ತೊಟ್ಟಿಲುಗಳವು. 2018ರಲ್ಲಿ ನಟ ಅಂಬರೀಶ್ ಅವರು ಯಶ್ ಮತ್ತು ರಾಧಿಕಾ ಪಂಡಿತ್ ಅವರ ಕೂಸಿಗೆಂದು ಮಾಡಿಸಲು ಹೇಳಿದ್ದ ತೊಟ್ಟಿಲು, ಅವರು ತೀರಿಕೊಂಡ ಮೇಲೆ ಆ ಮನೆ ಸೇರಿದ ಸುದ್ದಿ ಓದಿ ನಾಡಿನ ಹೆಣ್ಣುಮಕ್ಕಳೆಲ್ಲ ಕಣ್ಣೊರೆಸಿಕೊಂಡಿದ್ದರು. ಒಮ್ಮೆ ಮಾಡಿಸಿದರೆ ಎರಡು ಮೂರು ತಲೆಮಾರು ಬಾಳುವ ವಸ್ತು. ಮಾಡಿಸಲು ಆಗದವರು ಇದ್ದವರ ಮನೆಯಿಂದ ತಂದು ತಮ್ಮ ಕೂಸನ್ನು ಹಾಕುತ್ತಾರೆ. ಅತ್ತ ನವಲಗುಂದದಲ್ಲಿ ಹೋಳಿಹುಣ್ಣಿಮೆಗೆ ರಾಮಲಿಂಗ ಕಾಮಣ್ಣನಿಗೆ ಮಕ್ಕಳಾಗಲೆಂದು ಹರಕೆ ಹೊರುವವರು, ಆತನಿಗೂ ತೊಟ್ಟಿಲನ್ನೇ ಅರ್ಪಿಸುತ್ತಾರೆ. ತೊಟ್ಟಿಲು ತೂಗುವ ಭಾಗ್ಯಕ್ಕೆ ಹರಕೆ ಉಂಟು. ತೊಟ್ಟಿಲಲ್ಲಿ ಹಾಕಿದ ಕೂಸು ಬೆಳತನಕ ಮಲಗಲಿ ಎಂದು ಹರಕೆ ಹೊತ್ತವರನ್ನು ನಾನು ಕಂಡಿಲ್ಲ. ಕಾಮಣ್ಣನ ಶಕ್ತಿಗೂ ಒಂದು ಮಿತಿ ಇರಬೇಕಲ್ಲ!

ನನ್ನ ಮಗಳ ಮೊದಲ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮೂರು ತಿಂಗಳು ಕೂಸಿನಿಂದ ಯಾವ ತಕರಾರೂ ಇರಲಿಲ್ಲ. ಎಣ್ಣೆ ಹಚ್ಚಿ ಎರೆದು, ಹಾಲು ಕುಡಿಸಿ, ನಮ್ಮವ್ವನ ಕಾಲದ ತೊಟ್ಟಿಲಲ್ಲಿ ಹಾಕಿ ನಾಲ್ಕು ಸಲ ತೂಗಿದರೆ ಸಾಕು, ಕಣ್ಣು ಮುಚ್ಚುತ್ತಿತ್ತು. ರಾತ್ರಿ ಎರಡು ಮೂರು ಸಲ ಹಾಲಿಗೆ ಎದ್ದು ಮತ್ತೆ ಮಲಗುತ್ತಿತ್ತು. ಓಣಿಯವರೆಲ್ಲ ಪುಣ್ಯಾದ ಕೂಸು ಎಂದದ್ದೇ ಎಂದದ್ದು. ನಾಲ್ಕನೇ ತಿಂಗಳು ತುಂಬುವ ಹೊತ್ತಿಗೆ ಒಂದು ರಾತ್ರಿ ಅದಕ್ಕೆ ಏನಾಯಿತೋ, ಗಂಟೆಗೊಮ್ಮೆ ಏಳಲು ಶುರು ಮಾಡಿತು. ತೂಗಿದರೆ ಸುಮ್ಮನಾಗುವುದು, ತೂಗುವುದು ನಿಂತರೆ ಅಳುವುದು. ಮಗಳು ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ನಿದ್ದೆಗಣ್ಣಿನಲ್ಲೇ ಕಾಲು ಆಡಿಸುತ್ತ ಮಲಗತೊಡಗಿದಳು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತ ಬೆಳತನಕ ನಡೆಯುತ್ತದೆ, ಜನ ಊರೂರಿಂದ ಬಂದು ನಿದ್ದೆಗೆಟ್ಟು ಕೇಳುತ್ತಾರೆ. ನಮ್ಮ ಮನೆಯ ಕಛೇರಿಗೆ ಅಷ್ಟು ದೂರ ಹೋಗುವ ಪ್ರಮೇಯವಿರಲಿಲ್ಲ. ಆಲಾಪವೂ ಇಲ್ಲ, ವಿಲಂಬಿತವೂ ಇಲ್ಲ, ನೇರ ತಾರಸ್ಥಾಯಿಯಿಂದಲೇ ಆರಂಭ.

ಮರುದಿನದಿಂದ ಓಣಿಯ ವೈದ್ಯ ಮಂಡಳಿ ನಮ್ಮ ಕಟ್ಟೆಯ ಮೇಲೆ ಸೇರಿತು. ಒಬ್ಬರು ದೃಷ್ಟಿ ಎಂದರು. ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದ್ದಾಯಿತು. ಅದರಿಂದ ಕೂಸಿಗೆ ಕೇಡೇನೂ ಇಲ್ಲ, ಹಾಕಿದವರಿಗೆ ಸೀನು ಬರುತ್ತದೆ ಅಷ್ಟೇ. ಇನ್ನೊಬ್ಬರು, "ತಾಯಿ ಹಾಲು ಸಾಲವಲ್ದು, ರಾತ್ರಿ ಒಂದೀಟ ಗಂಜಿ ಕುಡಸ್ರಿ, ಹೊಟ್ಟಿ ತುಂಬಿ ಮಲಗತೈತಿ" ಎಂದರು. ಮತ್ತೊಬ್ಬರು ಮೆಲ್ಲಗೆ ನನ್ನ ಕಿವಿಯಲ್ಲಿ, ಔಷಧದ ಅಂಗಡಿಯಲ್ಲಿ ನೆಗಡಿಯ ಔಷಧ ಸಿಗುತ್ತದೆ, ಅರ್ಧ ಚಮಚ ಹಾಕಿದರೆ ಕೂಸು ಬೆಳತನಕ ಮಿಸುಕುವುದಿಲ್ಲ ಎಂದು ಹೇಳಿ ಹೋದರು.

ಈ ಕೊನೆಯ ಮಾತು ಕೇಳಿ ನನಗೆ ಎದೆ ಝಲ್ಲೆಂದಿತು. ಕೂಸನ್ನು ಔಷಧ ಹಾಕಿ ಮಲಗಿಸುವುದು ಹೊಸದಲ್ಲ. ನೂರು ವರ್ಷಗಳ ಹಿಂದೆ ನಮ್ಮ ಧಾರವಾಡ ಸೀಮೆಯೆಲ್ಲ ಮುಂಬೈ ಇಲಾಖೆಗೆ ಸೇರಿತ್ತು. ಆಗ ಮುಂಬೈಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು, ಕೂಸು ಹಗಲೆಲ್ಲ ಸುಮ್ಮನೆ ಮಲಗಿರಲೆಂದು ಅಫೀಮು ಸೇರಿದ ಬಾಲಗೋಳಿ ಎಂಬ ಗುಳಿಗೆ ಕೊಡುತ್ತಿದ್ದರು. ಅವರು ಕಟುಕರಾಗಿರಲಿಲ್ಲ. ಗಿರಣಿಯ ಭೋಂಗಾ ಊದಿದಾಗ ಒಳಗಿರದಿದ್ದರೆ ಕೂಲಿ ಹೋಗುತ್ತಿತ್ತು, ಕೂಸನ್ನು ನೋಡಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಆ ಗುಳಿಗೆಯಿಂದ ಕೂಸುಗಳು ಸೊರಗಿದವು, ಎಷ್ಟೋ ಮತ್ತೆ ಕಣ್ಣು ತೆರೆಯಲೂ ಇಲ್ಲ. ಇಂದಿನ ನೆಗಡಿಯ ಔಷಧವೂ ಅದೇ ದಾರಿಯದು. ಅದು ಸಣ್ಣ ಕೂಸಿನ ಉಸಿರಾಟಕ್ಕೇ ಕುತ್ತು ತರಬಲ್ಲುದು.

ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರರಿಗೆ ತೋರಿಸಿದೆವು. ಕಿವಿ, ಗಂಟಲು, ಹೊಟ್ಟೆ ನೋಡಿದರು, ತೂಕ ಮಾಡಿದರು. ಜ್ವರವಿಲ್ಲ, ಹಾಲು ಚೆನ್ನಾಗಿ ಕುಡಿಯುತ್ತದೆ, ಉಚ್ಚೆ ಸರಿಯಾಗಿ ಮಾಡುತ್ತದೆ, ತೂಕ ಏರಿದೆ. "ಕೂಸಿಗೆ ಏನೂ ಆಗಿಲ್ಲ. ಬೆಳೀಲಿಕ್ಕತ್ತದ" ಎಂದರು. ಇದಕ್ಕೆ ಸ್ಲೀಪ್ ರಿಗ್ರೆಶನ್ ಅಂತ ಹೆಸರು, ನಿದ್ದೆ ಹಿಂದಕ್ಕೆ ಹೋಗುವುದು ಅಂತ ಅರ್ಥ, ಆದರೆ ಹೆಸರೇ ತಿರುವುಮುರುವು ಎಂದು ನಕ್ಕರು. ಆಮೇಲೆ ಅವರು ಬಿಡಿಸಿ ಹೇಳಿದ್ದು ಹೀಗೆ.

ಹುಟ್ಟಿದ ಕೂಸಿನ ನಿದ್ದೆಯಲ್ಲಿ ಎರಡೇ ಬಗೆ, ಮಿಸುಕಾಡುವ ನಿದ್ದೆ ಒಂದು, ಸುಮ್ಮನಿರುವ ನಿದ್ದೆ ಒಂದು. ಅದಕ್ಕೆ ಹಗಲು ರಾತ್ರಿಯ ಭೇದವೂ ಇಲ್ಲ. ಮೂರು ನಾಲ್ಕು ತಿಂಗಳಿಗೆ ಮಿದುಳು ಬಲಿತು, ದೊಡ್ಡವರ ನಿದ್ದೆಯಂತೆ ಅದಕ್ಕೂ ಮೆಟ್ಟಿಲುಗಳು ಮೂಡುತ್ತವೆ, ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ. ಕೂಸಿನ ಒಂದು ಸುತ್ತು ಸುಮಾರು 50 ನಿಮಿಷದ್ದು. ಸುತ್ತು ಮುಗಿದಾಗಲೆಲ್ಲ ಅರೆ ಎಚ್ಚರವಾಗುತ್ತದೆ. ನಮಗೂ ಆಗುತ್ತದೆ, ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪಿರುವುದಿಲ್ಲ. ಕೂಸಿಗೆ ಆ ವಿದ್ಯೆ ಇನ್ನೂ ಬಂದಿಲ್ಲ. ತೂಗುತ್ತಿರುವಾಗ ಮಲಗಿದ ಕೂಸು, ತೊಟ್ಟಿಲು ನಿಂತಿರುವಾಗ ಎಚ್ಚರಗೊಂಡು, ಎಲ್ಲಿ ಹೋಯಿತು ನನ್ನ ಜೋಕಾಲಿ ಎಂದು ಕೇಳುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 14ರಿಂದ 17 ತಾಸು, ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ 12ರಿಂದ 15 ತಾಸು ನಿದ್ದೆ ಬೇಕೆಂದು 2015ರಲ್ಲಿ ಅಮೆರಿಕದ ನಿದ್ರಾ ತಜ್ಞರು ಲೆಕ್ಕ ಕೊಟ್ಟಿದ್ದಾರೆ. ಹಗಲು ರಾತ್ರಿ ಕೂಡಿಸಿದ ಲೆಕ್ಕ ಅದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ, ಆರು ತಿಂಗಳ ತನಕ ತಾಯಿಯ ಹಾಲು ಬಿಟ್ಟು ಗಂಜಿ ಗಿಂಜಿ ಏನೂ ಬೇಡ ಎಂದು ಹೇಳಿ ಕಳಿಸಿದರು.

ಈಗ ನೀವೇ ಒಂದು ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಬಾಣಂತಿಯನ್ನು ತವರಿನಿಂದ ಗಂಡನ ಮನೆಗೆ ಕಳಿಸುವುದು ಬೆಸ ತಿಂಗಳಲ್ಲಿ, ಮೂರರಲ್ಲಿ, ಇಲ್ಲವೇ ಐದರಲ್ಲಿ. ಕೂಸಿನ ನಿದ್ದೆ ಒಡೆಯುವುದೂ ಸರಿಯಾಗಿ ಅದೇ ಹೊತ್ತಿಗೆ. ಕೈಗೆ ಕೈ ಕೊಡುತ್ತಿದ್ದ ಅವ್ವ ಹಿಂದೆ ಉಳಿಯುತ್ತಾಳೆ. ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯುವುದು, ನೀರು ತುಂಬುವುದು ಕಾದಿರುತ್ತವೆ. ನೌಕರಿಯವಳಾದರೆ 26 ವಾರಗಳ ರಜೆಯ ಕೊನೆಯೂ ಹತ್ತಿರ ಬಂದಿರುತ್ತದೆ. ಕೂಸು ಅತ್ತರೆ ಇತ್ತಲಿನವರು, "ತವರಮನ್ಯಾಗ ಎತ್ತಿ ಎತ್ತಿ ರೂಢಿ ಮಾಡ್ಯಾರ" ಎನ್ನುತ್ತಾರೆ. ಅತ್ತಲಿನವರು, "ಅವರ ಮನಿ ಕೂಸಿಗೆ ಒಗ್ಗಿಲ್ಲ" ಎನ್ನುತ್ತಾರೆ. ಎರಡು ಮನೆಗಳ ನಡುವೆ ಮಾತು ಬೆಳೆಯುತ್ತದೆ. ನಾಲ್ಕು ತಿಂಗಳ ಮಿದುಳು ಮಾಡಿದ ಕೆಲಸಕ್ಕೆ ಬೀಗರು ಮುಖ ತಿರುವಿಕೊಳ್ಳುತ್ತಾರೆ. ಎಷ್ಟು ಮನೆಗಳಲ್ಲಿ ಹೀಗಾಗಿದೆಯೋ!

ನನ್ನ ಮಗಳ ಗಂಡನ ಮನೆ ನವಲಗುಂದ ತಾಲೂಕಿನಲ್ಲಿ, ಎರೆ ಭೂಮಿಯ ಊರು. ಐದನೇ ತಿಂಗಳಲ್ಲಿ ತೊಟ್ಟಿಲ ಸಮೇತ ಕಳಿಸಿಕೊಟ್ಟೆವು. ಎರಡು ವಾರವಾಗಿರಬೇಕು, ಒಂದು ರಾತ್ರಿ ಎರಡು ಗಂಟೆಗೆ ಫೋನು ಬಂತು. ಮಗಳು ಅಳುತ್ತಿರಲಿಲ್ಲ, ದನಿ ಒಣಗಿತ್ತು. "ಅವ್ವಾ, ಕೂಸಿನ ದನಿ ಕೇಳಿದ್ರ ನನಗ ಎದ್ದು ಎಲ್ಲಿಗಾರ ಓಡಿಹೋಗಬೇಕ ಅನಸ್ತೈತಿ. ಹಗಲು ಮಲಗಿದ್ರೂ ನಿದ್ದಿ ಬರವಲ್ದು. ನಾ ಇದಕ್ಕ ತಾಯಿ ಹೌದೋ ಅಲ್ಲೋ?" ಎಂದಳು. ಬೆಳಗಿನ ಮೊದಲ ಬಸ್ಸು ಹಿಡಿದು, ಹುಬ್ಬಳ್ಳಿಯಲ್ಲಿ ಇಳಿದು ಇನ್ನೊಂದು ಹತ್ತಿ ಹೋದೆ.

ನನ್ನ ಬೀಗತಿ ನಾಲ್ಕು ಮಕ್ಕಳನ್ನು ಹೊಲದ ಬದುವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಬೆಳೆಸಿದ ಗಟ್ಟಿ ಹೆಣ್ಣುಮಗಳು. "ನಮ್ಮ ಕಾಲದಾಗ ಇವೆಲ್ಲ ಇರಲಿಲ್ಲ ಬಿಡ್ರಿ ಅಕ್ಕಾರ" ಎಂದೇ ಮಾತು ಶುರು ಮಾಡಿದರು. ನಾನು ಎದುರು ಮಾತಾಡಲಿಲ್ಲ. ಆ ರಾತ್ರಿ ಮಗಳನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ, ನಾವಿಬ್ಬರೂ ಮುದುಕಿಯರು ಪಡಸಾಲೆಯಲ್ಲಿ ತೊಟ್ಟಿಲ ಪಕ್ಕ ಜಮಖಾನೆ ಹಾಸಿಕೊಂಡೆವು. ಕೂಸು ಎರಡನೇ ಸಲ ಎದ್ದು, ಮತ್ತೆ ಕಣ್ಣು ಮುಚ್ಚಿದ ಮೇಲೆ ಕತ್ತಲಲ್ಲಿ ಬೀಗತಿಯ ದನಿ ಬಂತು. "ಖರೇ ಹೇಳಬೇಕಂದ್ರ ನಮಗೂ ಇತ್ರಿ. ಎರಡನೇದು ಹಿಂಗ ಮಾಡತಿತ್ತು. ಹತ್ತಿ ಬಿಡಿಸಾಕ ಹೋದಾಗ ಸಾಲಿನಾಗ ನಿಂತಲ್ಲೇ ತೂಕಡಿಸಿ ಬಿದ್ದಿದ್ದೆ. ಎಲ್ಲಾರೂ ನಕ್ಕರು. ಯಾರ ಮುಂದ ಹೇಳೂದಿತ್ತು?" ಮೂವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅದು.

ಬೆಳಿಗ್ಗೆ ಚಹಾ ಕುಡಿಯುವಾಗ ಅವರೇ ಮಗನನ್ನು ಕರೆದು ಹೇಳಿದರು, "ಮಲಪ್ರಭಾ ಕಾಲುವಿ ನೀರಿನ ಪಾಳಿ ಬಂದ್ರ ರಾತ್ರಿ ಎರಡಕ್ಕ ಎದ್ದು ಹೊಲಕ್ಕ ಓಡತಿ. ಕೂಸಿನ ಪಾಳಿ ಯಾಕ ಆಗೂದಿಲ್ಲ?" ಅಳಿಯ ಮರುಮಾತಾಡಲಿಲ್ಲ. ಅಂದಿನಿಂದ ಪಾಳಿ ಶುರುವಾಯಿತು. ಒಂಬತ್ತಕ್ಕೆ ಹಾಲು ಕುಡಿಸಿ ಮಗಳು ಮಲಗುವುದು, ಒಂದರ ತನಕ ತೊಟ್ಟಿಲು ಅತ್ತೆಯದು. ನಡುರಾತ್ರಿಯದು ತಾಯಿಯದು. ನಾಲ್ಕರಿಂದ ಬೆಳಕು ಹರಿಯುವ ತನಕ ಅಪ್ಪನದು. ಕೂಸು ಹಸಿದರೆ ಮಾತ್ರ ತಾಯಿಯನ್ನು ಎಬ್ಬಿಸಬೇಕು, ಕುಡಿಸಿದೊಡನೆ ಪಾಳಿಯವರು ಕೂಸನ್ನು ಎತ್ತಿಕೊಂಡು ಹೋಗಬೇಕು. ನಾಲ್ಕು ದಿನ, ನಾಲ್ಕು ತಾಸಿನ ತುಂಡಾಗದ ನಿದ್ದೆ ಸಿಕ್ಕ ಮೇಲೆ ನನ್ನ ಮಗಳು ಕೂಸಿನ ಜೊತೆ ಮಾತಾಡತೊಡಗಿದಳು. ಅಲ್ಲಿಯ ತನಕ ಅವಳು ಅದರೊಡನೆ ಮಾತು ಬಿಟ್ಟಿದ್ದಳೆಂಬುದು ಆಗಲೇ ನಮಗೆ ತಿಳಿದದ್ದು.

ಇನ್ನು ಡಾಕ್ಟರರು ಹೇಳಿದ ಸಣ್ಣ ಸಣ್ಣ ಸಂಗತಿಗಳು. ಹಗಲು ಕೂಸನ್ನು ಬೆಳಕಿನಲ್ಲಿ, ಮಾತಿನ ನಡುವೆ ಇಡುವುದು. ರಾತ್ರಿ ಎದ್ದಾಗ ದೀಪ ಹಾಕದೆ, ಆಡಿಸದೆ, ಮೆಲ್ಲಗೆ ಹಾಲು ಕುಡಿಸಿ ಮಲಗಿಸುವುದು. ದಿನವೂ ಒಂದೇ ಹೊತ್ತಿಗೆ ಮೈ ಒರೆಸಿ, ಜೋಗುಳ ಹಾಡಿ, ಪೂರ್ತಿ ನಿದ್ದೆ ಹತ್ತುವ ಮೊದಲೇ ಹಾಸಿಗೆಗೆ ಹಾಕುವುದು. ಕುಂಯ್ ಎಂದೊಡನೆ ಹಗ್ಗ ಎಳೆಯದೆ ಒಂದರೆಗಳಿಗೆ ಕಾದು ನೋಡುವುದು. ಎಷ್ಟೋ ಸಲ ಅದು ನಿದ್ದೆಯಲ್ಲೇ ಮುಲುಗಿ ಸುಮ್ಮನಾಗುತ್ತದೆ. ಅಂಗಾತ ಮಲಗಿಸುವುದು, ದಿಂಬು ಬೇಡ, ಭಾರದ ಕೌದಿ ಹೊದಿಸುವುದು ಬೇಡ. ತಾಯಿಯ ಕೋಣೆಯಲ್ಲೇ, ಆದರೆ ತನ್ನದೇ ಗಟ್ಟಿ ಹಾಸಿಗೆಯಲ್ಲಿ. ಕುರ್ಚಿಯಲ್ಲಿ ಕೂತು ಕೂಸನ್ನು ಎದೆಗವಚಿ ತೂಕಡಿಸುವುದು ಅಪಾಯ. ಕಣ್ಣು ಎಳೆದರೆ ಮೊದಲು ಕೂಸನ್ನು ಕೆಳಗೆ ಮಲಗಿಸಬೇಕು. ಜ್ವರ, ಹಾಲು ಬಿಡುವುದು, ಉಚ್ಚೆ ಕಡಿಮೆಯಾಗುವುದು, ಉಸಿರಿಗೆ ಕಷ್ಟ ಕಂಡರೆ ಮಾತ್ರ ನಿದ್ದೆಯ ತಂಟೆ ಎಂದು ಕೂಡದೆ ದವಾಖಾನೆಗೆ ಹೋಗಬೇಕು.

ಆಶಾ ಕಾರ್ಯಕರ್ತೆ ಕೂಸಿನ ಮೂರು, ಆರು, ಒಂಬತ್ತನೇ ತಿಂಗಳಿಗೆ ಮನೆಗೆ ಬರುತ್ತಾಳೆ. ತೂಕ, ಲಸಿಕೆಯ ಮಾತಿನ ಜೊತೆಗೆ ನಿದ್ದೆಯ ಮಾತನ್ನೂ ಅವಳ ಮುಂದೆ ತೆಗೆಯಬಹುದು. ನಿದ್ದೆ ಸಿಕ್ಕರೂ ಮಲಗಲಾಗದ, ಕೂಸಿನ ಮೇಲೂ ಬದುಕಿನ ಮೇಲೂ ಬೇಸರ ಹತ್ತಿ ಅದು ಹೋಗದಿರುವ ತಾಯಿಗೆ ಪಾಳಿಯೊಂದೇ ಸಾಲದು, ಡಾಕ್ಟರರ ಉಪಚಾರ ಬೇಕು. 2022ರಲ್ಲಿ ಶುರುವಾದ ಟೆಲಿ ಮನಸ್ ಎಂಬ ಸರಕಾರಿ ಸಹಾಯವಾಣಿಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಈ ಅಂಕಿಯನ್ನು ಬೀಗತಿ ತಮ್ಮ ಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ ಬರೆಸಿಟ್ಟಿದ್ದಾರೆ.

ಕೂಸು ಸರಿಹೋಗಲು ಐದು ವಾರ ಹಿಡಿಯಿತು. ಒಂಬತ್ತನೇ ತಿಂಗಳಲ್ಲಿ ಅಂಬೆಗಾಲಿಡಲು ಕಲಿತು, ಅವ್ವ ಕಣ್ಣ ಮುಂದಿಲ್ಲದಿದ್ದರೆ ಹೆದರುವ ಬುದ್ಧಿ ಬಂದಾಗ ಮತ್ತೊಮ್ಮೆ ರಾತ್ರಿ ಏಳತೊಡಗಿತು. ಆಗ ನನಗೆ ಫೋನು ಬಂದದ್ದು ಹಗಲಿನಲ್ಲಿ, "ಮತ್ತ ಪಾಳಿ ಹಚ್ಚೇವಿ" ಎಂದು ಹೇಳಲು ಮಾತ್ರ.

ಈ ಯುಗಾದಿಗೆ ತೊಟ್ಟಿಲು ನಮ್ಮೂರಿಗೆ ವಾಪಸು ಬಂತು. ಎದುರು ಮನೆಯ ಸೊಸೆಗೆ ಹೆರಿಗೆಯಾಗಿ ಹನ್ನೆರಡು ದಿನವಾಗಿತ್ತು, ಅವರು ಒಯ್ದರು. ನನ್ನ ಮಗಳು ಅವಳಿಗೆ ಫೋನು ಮಾಡಿ, ಹಗ್ಗ ಸವೆದಿದೆ, ಹೊಸದು ಕಟ್ಟಿಸಿಕೋ ಎಂದಳಂತೆ. ಆಮೇಲೆ, "ನಾಕನೇ ತಿಂಗಳಿಗೆ ಒಮ್ಮೆ ನಿದ್ದಿಗೆಡತೈತಿ ತಂಗಿ. ನಿನ್ನಿಂದ ಏನೂ ಆಗಿರೂದಿಲ್ಲ. ಮನ್ಯಾಗಿನವರಿಗೆ ಈಗಲೇ ಹೇಳಿಡು" ಎಂದಳಂತೆ.