ಎಚ್.ಎಂ. ಸಾರ್ ಒಪ್ಪಿದ ಕಥೆ

ಕೆಲಸ ತಪ್ಪಿಸಿಕೊಳ್ಳೋಕೆ ರಜಾ ಕೇಳಿದರೆ ಎರಡು ಬೈಗುಳ ತಿಂದರೆ ಮುಗೀತು. ಹೆಚ್ಚಿಗೆ ಕೆಲಸ ಕೊಡಿ ಅಂತ ಕೇಳಿ ನೋಡಿ, ಆಗ ಅನುಮಾನ ಶುರು! ಸರ್ಕಾರಿ ಶಾಲೆಯಲ್ಲಿರುವವರಿಗೆ ಇದು ಗೊತ್ತಿರುವ ವಿಷಯವೇ.

ನಮ್ಮದು ತಳಿ ಕಡೆಯ ಒಂದು ಹಳ್ಳಿ ಶಾಲೆ. ಒಂದೇ ಕಾಂಪೌಂಡಿನಲ್ಲಿ ತಮಿಳು, ಕನ್ನಡ ಎರಡೂ ಮಾಧ್ಯಮ. ಕನ್ನಡಕ್ಕೆ ನಾವಿಬ್ಬರು. ಈ ಸೀಮೆ ಮೊದಲು ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಮನೆಮಾತು ಹಾಗೇ ಇತ್ತು. ಈಗ ಅದೂ ಸವೆಯುತ್ತಿದೆಯೇನೋ ಅನ್ನಿಸಿದ್ದು, ಪಾಠದ ನಡುವೆ ಒಬ್ಬ ಹುಡುಗ "ನೊಗ ಅಂದ್ರೇನು ಸಾರ್?" ಅಂದಾಗ. ಅವರ ಮನೆ ಅಟ್ಟದ ಮೇಲೆ ತಾತನ ನೊಗ ಇನ್ನೂ ಇದೆ!

ಆವತ್ತೇ ಒಂದು ಯೋಚನೆ ಬಂತು. ಪ್ರತಿ ಶುಕ್ರವಾರ ಕೊನೆಯ ಪಿರಿಯಡ್ಡಿಗೆ ಊರಿನ ಒಬ್ಬ ಹಿರಿಯರನ್ನು ಕರೆಸೋದು. ಅವರು ಹೇಳಿದ ಪದಗಳನ್ನು ಮಕ್ಕಳು ಒಂದು ನೋಟ್ ಪುಸ್ತಕದಲ್ಲಿ ಬರೆದಿಡೋದು. ಅಷ್ಟೇ.

ಕೇಳೋಕೆ ಹೋಗಿದ್ದು ಜೂನ್ ತಿಂಗಳಲ್ಲಿ. ಶಾಲೆ ಆಗಷ್ಟೇ ತೆರೆದಿತ್ತು. ದಾಖಲಾತಿ, ಪುಸ್ತಕ ಹಂಚಿಕೆ, ಎಮಿಸ್‌ನಲ್ಲಿ ಮಕ್ಕಳ ವಿವರ ತುಂಬೋದು... ಎಚ್.ಎಂ. ಸಾರ್ ತಲೆ ಎತ್ತೋಕೂ ಪುರುಸೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ನಾವು ಗಡಿನಾಡು, ಭಾಷೆಯ ಉಳಿವು ಅಂತ ಭಾಷಣ ಬಿಗಿದೆವು. "ಮೊದಲು ಪೋರ್ಷನ್ ಮುಗಿಸಿ ಸಾರ್" ಅಂದರು. ಆಮೇಲೆ ಎರಡು ತಿಂಗಳು ಬಸ್ಸಿನಲ್ಲಿ ನಮ್ಮದು ಒಂದೇ ಮಾತು: ಇವರಿಗೆ ಕನ್ನಡ ಅಂದ್ರೆ ಆಗಲ್ಲ.

ನಮ್ಮ ಲೆಕ್ಕ ತಪ್ಪಾಗಿತ್ತು. ಒಂದು ದಿನ ಟೀ ಕುಡಿಯುವಾಗ ಅವರೇ ಹೇಳಿದರು. ಹಿಂದೊಮ್ಮೆ ತನಿಖೆಗೆ ಬಂದವರು ಕನ್ನಡ ತರಗತಿಯ ಚಾರ್ಟು ತೋರಿಸಿ ಇದರಲ್ಲಿ ಏನು ಬರೆದಿದೆ ಅಂತ ಕೇಳಿದ್ದರಂತೆ. ಇವರು ತಬ್ಬಿಬ್ಬಾದರಂತೆ. "ನಿಮ್ಮ ಅಕ್ಷರ ನನಗೆ ಓದೋಕೆ ಬರಲ್ಲ. ಆದ್ರೆ ಎಲ್ಲದರ ಕೆಳಗೆ ಸಹಿ ನನ್ನದೇ" ಅಂದರು. ಓದೋಕೆ ಬಾರದ್ದಕ್ಕೆ ಸಹಿ ಹಾಕು ಅಂದರೆ ನಾವಾದರೂ ಹಾಕುತ್ತಿದ್ದೆವಾ?

ಕಾಲುವಾರ್ಷಿಕ ಪರೀಕ್ಷೆಯ ರಜೆ ಮುಗಿಸಿ ಬಂದ ಮೇಲೆ ಒಂದೇ ಒಂದು ಹಾಳೆ ಬರೆದೆವು, ತಮಿಳಿನಲ್ಲಿ. ತಮಿಳು ವಿಭಾಗದ ಟೀಚರಮ್ಮ ತಿದ್ದಿಕೊಟ್ಟರು. ನಾಲ್ಕು ಶುಕ್ರವಾರ ಮಾತ್ರ, ದುಡ್ಡು ಬೇಡ, ಮಕ್ಕಳು ಕಾಂಪೌಂಡ್ ದಾಟೋದಿಲ್ಲ, ಬರುವ ಹಿರಿಯರನ್ನು ಎಸ್.ಎಂ.ಸಿ.ಯವರೇ ಹೇಳಲಿ, ಸರಿ ಬರದಿದ್ದರೆ ನಿಲ್ಲಿಸೋಣ. ಇಷ್ಟರ ಜೊತೆಗೆ ಇನ್ನೊಂದು: ಪ್ರತಿ ಕನ್ನಡ ಪದದ ಎದುರಿಗೆ ತಮಿಳು ಪದ ಇರುತ್ತದೆ, ಅದನ್ನೂ ಮಕ್ಕಳೇ ಬರೆಯುತ್ತಾರೆ.

ನಮ್ಮ ಮಕ್ಕಳಿಗೆ ಅದು ಬರುತ್ತದೆ. 2006ರ ಕಾನೂನಿನಂತೆ ತಮಿಳು 2006-07ರಲ್ಲಿ ಒಂದನೇ ತರಗತಿಗೆ ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿ ಹತ್ತಿ 2015-16ಕ್ಕೆ ಹತ್ತನೆಯದನ್ನು ಮುಟ್ಟಿತು. ಅದರ ಮೇಲೆ ನಮಗಿರುವ ಬೇಸರ ಇದ್ದೇ ಇದೆ. ಅದು ಇಲ್ಲಿ ಕೆಲಸಕ್ಕೆ ಬಂತು ಅನ್ನೋದನ್ನೂ ಹೇಳಬೇಕಲ್ಲ.

ಸಾರ್ ಹಾಳೆಯನ್ನು ಎರಡು ಸಲ ಓದಿದರು. "ನೋಟ್ ಪುಸ್ತಕ ನನ್ನ ಟೇಬಲ್ ಮೇಲೆ ಇರಬೇಕು" ಅಂದರು. ಸಹಿ ಹಾಕಿದರು.

ಮೊದಲ ವಾರ ಬಂದ ಅಜ್ಜಿ, ರಾಗಿ ತುಂಬಿಡುತ್ತಿದ್ದ ಹಗೇವಿನ ಬಗ್ಗೆ ಹೇಳಿದರು. ನೆಲದೊಳಗೆ ಗುಂಡಿ ತೋಡಿ ರಾಗಿ ಇಡ್ತಿದ್ರು ಅಂದರೆ ಮಕ್ಕಳು ನಂಬಲೇ ಇಲ್ಲ. ಎರಡನೇ ವಾರ ನೇಗಿಲಿನ ಸಾಮಾನು. ಸೋಮವಾರ ಸಾರ್ ಪುಸ್ತಕ ಹಿಡಿದು ನಮ್ಮ ತರಗತಿಗೇ ಬಂದುಬಿಟ್ಟರು. ನೊಗದ ಎದುರಿಗೆ 'ನುಗತ್ತಡಿ', ಕಣದ ಎದುರಿಗೆ 'ಕಳಂ' ಅಂತ ಇತ್ತು. "ನಮ್ಮಪ್ಪ ಹೊಲ ಉಳ್ತಿದ್ರು" ಅಂದರು. ಅವರ ಮನೆಕಡೆ ವಿಷಯ ಅವರು ಮಾತಾಡಿದ್ದು ಅದೇ ಮೊದಲು.

ಇದರಿಂದ ದಾಖಲಾತಿ ಏರಿತು ಅಂದರೆ ಸುಳ್ಳಾಗುತ್ತೆ. ಆ ವರ್ಷ ಕನ್ನಡ ಒಂದನೇ ತರಗತಿಗೆ ಆರು ಮಕ್ಕಳು, ಮುಂದಿನ ವರ್ಷ ಏಳು. ಇಂಗ್ಲಿಷ್ ಮೀಡಿಯಂ ವ್ಯಾನು ಈಗಲೂ ನಮ್ಮ ಗೇಟಿನ ಮುಂದೆಯೇ ಹೋಗುತ್ತೆ. ಆದರೆ ನಾಲ್ಕು ಶುಕ್ರವಾರ ಮುಗಿದಾಗ ನಿಲ್ಲಿಸಿ ಅಂತ ಸಾರ್ ಹೇಳಲಿಲ್ಲ, ನಾವೂ ನೆನಪಿಸಲಿಲ್ಲ.

ಈಗ ಮಕ್ಕಳನ್ನು ಕೆರೆ ಏರಿಯ ವೀರಗಲ್ಲು ನೋಡೋಕೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಕಾಂಪೌಂಡ್ ದಾಟೋ ವಿಷಯ, ಸಾರ್ ಮುಖ ಸಣ್ಣದಾಯಿತು. "ಬಿ.ಇ.ಒ. ಅನುಮತಿ ಬೇಕು, ಬರೆದು ಕೊಡಿ" ಅಂದರು. ಬರೆದು ಕೊಡಿ ಅಂದರಲ್ಲ! ಹಾಳೆ ಟೀಚರಮ್ಮನ ಹತ್ತಿರ ಇದೆ. ತಮಿಳಿನ ಎರಡು ರಕಾರಗಳಲ್ಲಿ ಯಾವುದು ಎಲ್ಲಿ ಅನ್ನೋ ಗೊಂದಲ ನಮಗಿನ್ನೂ ಹೋಗಿಲ್ಲ.