ಗಿಣಿಮರಿಯ ಬಾಣಂತನ

ಬೆಳಗಿನ ಜಾವ ಹೊಟ್ಟೆಯ ಸಲುವಾಗಿ ಏಳುವುದು ಹೊಸಕೋಟೆಯಲ್ಲಿ ಹೊಸತೇನಲ್ಲ. ಭಾನುವಾರ ಕೋಳಿ ಕೂಗುವ ಮೊದಲೇ ಬೆಂಗಳೂರಿನ ಕಾರುಗಳು ಹಳೇ ಮದ್ರಾಸ್ ರಸ್ತೆ ಹಿಡಿದು ಬಂದು ದಮ್ ಬಿರಿಯಾನಿಗೆ ಸಾಲುಗಟ್ಟುತ್ತವೆ. ಸ್ವೆಟರು ಹಾಕಿಕೊಂಡು, ಕೈ ಉಜ್ಜಿಕೊಳ್ಳುತ್ತಾ, ಹಂಡೆಯ ಮುಚ್ಚಳ ತೆಗೆಯುವುದನ್ನೇ ಕಾಯುವ ಆ ಮುಖಗಳಲ್ಲಿರುವ ಭಕ್ತಿಯನ್ನು ನಾನು ಅವಿಮುಕ್ತೇಶ್ವರನ ರಥದ ಮುಂದೆಯೂ ಅಷ್ಟಾಗಿ ಕಂಡಿಲ್ಲ. ಆ ಹೊತ್ತಿಗೆ ದೀಪ ಹಾಕುವ ಮನೆಗಳ ಪೈಕಿ ಈಚೆಗೆ ನಮ್ಮದೂ ಸೇರಿಕೊಂಡಿತು. ನಮ್ಮಲ್ಲಿ ತಯಾರಾಗುತ್ತಿದ್ದದ್ದು ಎರಡು ಚಮಚ ಗಂಜಿ. ಕಾಯುತ್ತಿದ್ದ ಭಕ್ತ, ಅಂಗೈಯಲ್ಲಿ ಹಿಡಿಸುವ ಒಂದು ಗಿಣಿಮರಿ.

ತಂದವನು ನನ್ನ ಮೈದುನನ ಮಗ. ಇಂಜಿನಿಯರಿಂಗ್ ಓದುತ್ತಾನೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡು, ಶೂ ಡಬ್ಬಿಯಲ್ಲಿ ಹಳೇ ಬಟ್ಟೆ ಹಾಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಜೊತೆಗೆ ಒಂದು ಸಿರಿಂಜು, ಒಂದು ಪೊಟ್ಟಣ ಹಿಟ್ಟು, ಅಂಗಡಿಯವನ ಉಪದೇಶ. “ನೀವೇ ಕೈಯಾರೆ ತಿನ್ನಿಸಿ ಸಾರ್, ನಿಮ್ಮನ್ನೇ ತಾಯಿ ಅಂದ್ಕೊಳ್ಳುತ್ತೆ, ಹೆಗಲಿಂದ ಇಳಿಯಲ್ಲ.” ಭಾನುವಾರವಿಡೀ ಹುಡುಗನೇ ತಾಯಿ. ಸೋಮವಾರ ಕಾಲೇಜು ಬಸ್ಸು ಬಂತು, ತಾಯಿ ಹೊರಟುಹೋದ. “ದೊಡ್ಡಮ್ಮ, ಹನ್ನೊಂದಕ್ಕೊಂದ್ಸಲ, ಮೂರಕ್ಕೊಂದ್ಸಲ, ಅಷ್ಟೇ” ಎಂದ ಬಾಗಿಲಲ್ಲಿ ಲೇಸು ಕಟ್ಟಿಕೊಳ್ಳುತ್ತಾ. ಮನೆಗೆ ಯಾರು ಯಾವ ಪ್ರಾಣಿ ತಂದರೂ ಅದು ಕೊನೆಗೆ ಅಡುಗೆಮನೆಯವರ ಪಾಲಿಗೇ ಬರುತ್ತದೆ. ನಾಯಿಯ ವಿಷಯದಲ್ಲೂ ಹೀಗೇ ಆಗಿತ್ತು, ಅದಿರಲಿ.

ಜಾತಿ ಸನ್ ಕೊನ್ಯೂರ್. ದಕ್ಷಿಣ ಅಮೆರಿಕದ ಗಯಾನಾ, ಉತ್ತರ ಬ್ರೆಜಿಲ್ ಕಡೆಯದು. ಪಂಜರದ ಆಸೆಗೆ ಹಿಡಿದೂ ಹಿಡಿದೂ ಅಲ್ಲಿನ ಬಯಲುಗಳಲ್ಲಿ ಈಗ ಅಪರೂಪವಾಗಿ, ಅಳಿವಿನಂಚಿನ ಪಟ್ಟಿ ಸೇರಿದೆ. ಪಂಜರಗಳಲ್ಲಿ ಮಾತ್ರ ಲೋಕದ ತುಂಬಾ ಇದೆ. ಬೆಳೆದ ಮೇಲೆ ಮೈಯೆಲ್ಲ ಅರಿಸಿನ, ಅದರ ಮೇಲೆ ಕಿತ್ತಳೆಯ ಓಕುಳಿ. ಮರಿಯಲ್ಲಿ ಹಸಿರೇ ಹೆಚ್ಚು. ನಮ್ಮ ಮನೆಗೆ ಬಂದಾಗ ಅರ್ಧ ಮೈಗೆ ಗರಿ, ಇನ್ನರ್ಧಕ್ಕೆ ಇನ್ನೂ ಬಿಚ್ಚದ ಗರಿಮೊಳಕೆ. ಹುಡುಗ ಅದಕ್ಕೆ ಸನ್ನಿ ಎಂದು ಹೆಸರಿಟ್ಟ. ನಮ್ಮತ್ತೆಗೆ ಗಿಣಿಯೆಂದ ಮೇಲೆ ಅದು ರಾಮನೇ. ಗಂಡೋ ಹೆಣ್ಣೋ ನೋಡಿದರೆ ಗೊತ್ತಾಗದ ಜಾತಿಯಿದು, ಡಿಎನ್‌ಎ ಪರೀಕ್ಷೆಯೇ ಮಾಡಿಸಬೇಕಂತೆ ಎಂದರೆ, “ರಾಮ ಅಂತ ಕರೆದ್ರೆ ಸೀತೇನೂ ತಿರುಗಿ ನೋಡ್ತಾಳೆ ಬಿಡು” ಎಂದರು. ಇಂಥ ಹೊರದೇಶದ ಹಕ್ಕಿಗಳನ್ನು ಸಾಕುವವರು ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕೆಂದು 2024ರ ಫೆಬ್ರವರಿಯಲ್ಲಿ ನಿಯಮ ಬಂದಿದೆ. ಆ ಅರ್ಜಿ ತುಂಬುವ ಕೆಲಸವನ್ನು ಮಾತ್ರ ಹುಡುಗ ತಾನೇ ಮಾಡಿದ. ಮೊಬೈಲಿನಲ್ಲಿ ಆಗುವ ಕೆಲಸ ನೋಡಿ.

ಸಿರಿಂಜಿನಲ್ಲಿ ಗಂಜಿ ತುಂಬಿ ಕೊಕ್ಕಿಗೆ ಹಿಡಿದರೆ ಮುಗಿಯಿತು ಎಂದುಕೊಂಡಿದ್ದವರು ಮನೆಯಲ್ಲಿ ಬಹಳ ಜನ. ಹಾಗಲ್ಲ. ಹಸಿದ ಮರಿ ಸಿರಿಂಜು ಕಂಡ ಕೂಡಲೇ ಮೈಯನ್ನೆಲ್ಲ ಕಾಲಿನ ಮೇಲೆ ತಂದುಕೊಂಡು, ಕತ್ತು ಚಾಚಿ, ತಲೆಯನ್ನು ಮೇಲೆ ಕೆಳಗೆ ದಡಬಡ ಆಡಿಸಲು ಶುರುಮಾಡುತ್ತದೆ. ತಾಯಿಹಕ್ಕಿ ತಿಂದದ್ದನ್ನು ಕಕ್ಕಿ ಮರಿಯ ಬಾಯಿಗೆ ಹಾಕುವಾಗ ಆಗುವ ಆಟವೇ ಅದು. ಇಡೀ ಜೀವ ಆ ಕುಲುಕಾಟದಲ್ಲಿರುತ್ತದೆ. ನಾಲಿಗೆಯ ಬುಡದಲ್ಲೇ ಉಸಿರಿನ ಕೊಳವೆಯ ಬಾಯಿ ಇದೆ. ಕುಲುಕಿ ನುಂಗುವಾಗ ಅದು ಮುಚ್ಚಿಕೊಳ್ಳುತ್ತದೆ. ಮರಿ ಬೇಡವೆಂದು ಸುಮ್ಮನೆ ಕೂತಿರುವಾಗ, ಪಾಪ ಇನ್ನೊಂದು ತುತ್ತು ತಿನ್ನಲಿ ಎಂದು ಒತ್ತಿದಿರೋ, ಗಂಜಿ ಸೀದಾ ಪುಪ್ಪುಸಕ್ಕೆ. ಆಮೇಲೆ ಉಳಿಯುವುದು ಕಷ್ಟ. ಹಕ್ಕಿಯ ಅನ್ನನಾಳ ಕತ್ತಿನ ಬಲಗಡೆಗೆ ವಾಲಿರುತ್ತದೆ, ಆದ್ದರಿಂದ ಸಿರಿಂಜನ್ನು ಅದರ ಎಡಗಡೆಯ ಕೊಕ್ಕಿನ ಅಂಚಿನಿಂದ ಬಲಕ್ಕೆ ಮುಖಮಾಡಿ ಹಿಡಿಯಬೇಕು. ಅದರ ಎಡ, ನಿಮ್ಮ ಎಡವಲ್ಲ. ಎದುರಿಗೆ ಕೂತವರಿಗೆ ಇದು ಪ್ರತಿಸಲವೂ ಒಂದು ಕ್ಷಣ ಯೋಚನೆ ಮಾಡಿಸುತ್ತದೆ.

ಗಂಜಿ ಇಳಿದಂತೆ ಕತ್ತಿನ ಬುಡದ ಚೀಲ ಕಣ್ಣೆದುರೇ ಉಬ್ಬುತ್ತದೆ. ಅಲ್ಲಿ ಇನ್ನೂ ಗರಿ ಬಂದಿರಲಿಲ್ಲ. ತೆಳ್ಳನೆಯ ಚರ್ಮದ ಹಿಂದೆ ಗಂಜಿಯ ಬಣ್ಣ ಕೂಡ ಕಾಣುತ್ತಿತ್ತು. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಮೆತ್ತಗೆ, ಬೆಚ್ಚಗೆ. ತುಂಬಿದ್ದು ತಿಳಿಯುತ್ತದೆ, ಖಾಲಿಯಾದದ್ದೂ ತಿಳಿಯುತ್ತದೆ. ರಾತ್ರಿ ಕೊಟ್ಟದ್ದು ಬೆಳಗಿನ ಹೊತ್ತಿಗೆ ಪೂರ್ತಿ ಇಳಿದಿರಬೇಕು. ಇಳಿಯದೆ ನಿಂತರೆ ಅಲ್ಲೇ ಹುಳಿಯುತ್ತದೆ. ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ಕೈ ನೋಡಿಕೊಳ್ಳುವುದು ಬಿಟ್ಟು ಗಿಣಿಯ ಕತ್ತು ನೋಡುವುದು ರೂಢಿಯಾಯಿತು.

ಬಿಸಿಯ ವಿಷಯಕ್ಕೆ ನನಗೂ ಅತ್ತೆಗೂ ಸಣ್ಣ ಜಗಳವೇ ಆಯಿತು. ಗಂಜಿ 39ರಿಂದ 41 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಇರಬೇಕು. ಆರಿದರೆ ಮರಿ ಉಗುಳುತ್ತದೆ, ಚೀಲದಲ್ಲಿ ಜೀರ್ಣ ನಿಲ್ಲುತ್ತದೆ. ಕೆಲವೇ ಡಿಗ್ರಿ ಹೆಚ್ಚಾದರೆ ಆ ತೆಳ್ಳನೆಯ ಚೀಲ ಒಳಗೇ ಸುಟ್ಟು, ಎಷ್ಟೋ ದಿನದ ಮೇಲೆ ಕತ್ತಿನಲ್ಲಿ ತೂತು ಬೀಳುವುದುಂಟು. ಅತ್ತೆ ಮೊಣಕೈಗೆ ನೀರು ತಾಗಿಸಿ ನಾಲ್ಕು ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಎರೆದವರು. “ನನ್ನ ಕೈಗಿಂತ ಆ ಗಾಜಿನ ಕಡ್ಡಿ ಹೆಚ್ಚೇನೇ?” ಕಡ್ಡಿಯೇ ಹೆಚ್ಚು ಅಂತ ಹೇಳುವ ಧೈರ್ಯ ನನಗಿರಲಿಲ್ಲ, ಆದರೆ ಕಡ್ಡಿ ಇಟ್ಟೇ ನೋಡಿದೆ. ಅತ್ತೆ ಮೊದಲು ಮಣಿಕಟ್ಟಿಗೆ ಒಂದು ಹನಿ ಹಾಕಿಕೊಂಡು “ಸರಿಯಾಗಿದೆ” ಎನ್ನುವರು. ನಾನು ಆಮೇಲೆ ಥರ್ಮಾಮೀಟರು ನೋಡುವೆ. ಇಬ್ಬರ ಮಾನವೂ ಉಳಿಯಿತು. ಹೆಚ್ಚುಕಡಿಮೆ ಅವರು ಹೇಳಿದಷ್ಟೇ ಇರುತ್ತಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಏನು ತಿನ್ನಿಸಬೇಕು ಎಂಬುದರಲ್ಲಿ ಮಾತ್ರ ಅವರ ಅನುಭವ ಕೆಲಸಕ್ಕೆ ಬರಲಿಲ್ಲ. ಬೀದಿಯಲ್ಲಿ ಬಂದವರೆಲ್ಲ ಹೇಳಿದ್ದು ಹಾಲು ಬ್ರೆಡ್ಡು, ಹಾಲು ರಸ್ಕು, ಹಾಲು ಅನ್ನ. ಹಕ್ಕಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಮೊಲೆಯುಣಿಸದ ಕುಲಕ್ಕೆ ಅದನ್ನು ಅರಗಿಸುವ ಶಕ್ತಿ ಎಲ್ಲಿಂದ ಬರಬೇಕು? ಪಾರಿವಾಳ ತನ್ನ ಕತ್ತಿನ ಚೀಲದಲ್ಲೇ ಮರಿಗೆ ಹಾಲಿನಂಥದ್ದೊಂದನ್ನು ಮಾಡುತ್ತದೆ ನಿಜ, ಅದೂ ಹಸುವಿನ ಹಾಲಲ್ಲ, ಗಿಣಿಗೆ ಅದೂ ಇಲ್ಲ. ಅತ್ತೆಯ ಎರಡನೆಯ ಸಲಹೆ ರಾಗಿ ಸರಿ. ಈ ಸೀಮೆಯಲ್ಲಿ ರಾಗಿಯಲ್ಲಿ ಬೆಳೆಯದ ಮಗುವೇ ಇಲ್ಲ. ರಾಗಿ ವಿಷವೇನೂ ಅಲ್ಲ. ಆದರೆ ವಾರಗಳಲ್ಲಿ ಮೈತುಂಬ ಗರಿ ಹೊರಡಿಸಬೇಕಾದ ಮರಿಗೆ ಬೇಕಾದಷ್ಟು ಪ್ರೋಟೀನು ಅದೊಂದರಲ್ಲಿ ಸಿಗುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ದಾಗ ಡಾಕ್ಟರು ಮರಿಹಕ್ಕಿಗೆಂದೇ ಮಾಡಿದ ಹಿಟ್ಟು ಬಿಟ್ಟು ಬೇರೇನೂ ಬೇಡವೆಂದರು, ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಕ ಮಾಡಿ ಬರೆದಿಡಿ ಎಂದರು. ಬೆಳೆದರೂ ನೂರು ಗ್ರಾಂ ಮೀರಿ ಸ್ವಲ್ಪವಷ್ಟೇ ತೂಗುವ ಹಕ್ಕಿ. ಸಾಸಿವೆ ಜೀರಿಗೆ ತೂಗುವ ತಕ್ಕಡಿಯ ಮೇಲೆ ಅದು ಕೂತು ನಮ್ಮನ್ನೇ ನೋಡುತ್ತಿತ್ತು. ಪಕ್ಕದ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಜೊತೆ ಗಿಣಿಯ ಗ್ರಾಮುಗಳೂ ಬರತೊಡಗಿದವು.

ಇಷ್ಟೆಲ್ಲ ಇರುವ ಕೆಲಸವನ್ನು ಅಂಗಡಿಯವನು ಶೂ ಡಬ್ಬಿಯಲ್ಲಿಟ್ಟು ಹತ್ತೊಂಬತ್ತು ವರ್ಷದ ಹುಡುಗನ ಕೈಗೆ ಕೊಟ್ಟದ್ದು ಯಾಕೆ? ಯೋಚಿಸಿದರೆ ಲೆಕ್ಕ ಸರಳ. ಈ ಜಾತಿಯ ಮರಿ ತಾನಾಗಿ ತಿನ್ನಲು ಎಂಟರಿಂದ ಹತ್ತು ವಾರ ಬೇಕು. ಅಲ್ಲಿಯವರೆಗೆ ತಿನ್ನಿಸುವ ಕೂಲಿ, ಹಿಟ್ಟಿನ ಖರ್ಚು, ಸಾಯುವ ಮರಿಯ ನಷ್ಟ ಎಲ್ಲ ಸಾಕಿದವನದ್ದು. ಐದಾರು ವಾರಕ್ಕೇ ಮಾರಿದರೆ ಅದೆಲ್ಲ ಕೊಂಡವನ ತಲೆಗೆ. ಅದನ್ನು ಹಾಗೆಂದು ಹೇಳಿದರೆ ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ಪ್ರೀತಿ ಎಂದು ಹೇಳಿ ಮಾರುತ್ತಾರೆ. ಆ ಮಾತಿಗೆ ಜನ ಮರುಳಾಗುವುದರಲ್ಲಿ ಆಶ್ಚರ್ಯವಿಲ್ಲ. ನನ್ನ ಹೆಜ್ಜೆ ಸಪ್ಪಳಕ್ಕೆ ಡಬ್ಬಿಯೊಳಗೆ ಕುಲುಕಾಟ ಶುರುವಾದಾಗ, ಈ ಮನೆಯಲ್ಲಿ ನನ್ನನ್ನು ನೋಡಿ ಇಷ್ಟು ಸಂಭ್ರಮಪಡುವವರು ಯಾರಿದ್ದಾರೆ ಎಂದು ನನಗೂ ಅನ್ನಿಸಿದೆ. ಆದರೆ ಅದು ಸಂಭ್ರಮವಲ್ಲ, ಹಸಿವು. ಸಿರಿಂಜು ಹಿಡಿದ ಗ್ಯಾಸಿನವನಿಗೂ ಅದು ಹಾಗೇ ಕುಲುಕುತ್ತಿತ್ತು. ಗಿಣಿ ಗುಂಪಿನಲ್ಲಿ ಬಾಳುವ ಹಕ್ಕಿ. ತಾನಾಗಿ ತಿನ್ನಲು ಕಲಿತು ಬಂದ ಮರಿಯೂ ತಾಳ್ಮೆಯಿಂದ ನಡೆಸಿಕೊಂಡರೆ ಹೆಗಲೇರುತ್ತದೆ. ಅಂಗಡಿಯಲ್ಲಿ ಬೆಲೆ ಕಟ್ಟಿ ಕೊಡುವುದು ಹಸಿವನ್ನು. ಅದನ್ನು ಮನೆಗೆ ತಂದು ಪ್ರೀತಿ ಎಂದು ಓದಿಕೊಳ್ಳುವವರು ನಾವು.

ಹೊತ್ತಿಗೆ ಮುಂಚೆ ಗೂಡು ತಪ್ಪಿದ ಗಿಣಿಮರಿಯ ಕಥೆ ನಮ್ಮಲ್ಲಿ ಹಳೆಯದು. ಬಾಣನ ಕಾದಂಬರಿಯನ್ನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಕನ್ನಡಕ್ಕೆ ತಂದ. ಅದರಲ್ಲಿ ಕಥೆ ಹೇಳುವ ವೈಶಂಪಾಯನ ಗಿಣಿ ಹುಟ್ಟುವಾಗಲೇ ತಾಯಿಯನ್ನು ಕಳೆದುಕೊಂಡದ್ದು. ಹಾರಲಾರದ ಮುದಿ ತಂದೆ ಬೂರುಗದ ಮರದಲ್ಲಿ ಬೇರೆಯವರ ಗೂಡಿನಿಂದ ಉದುರಿದ ಭತ್ತದ ಕಾಳು, ಹಣ್ಣಿನ ಚೂರು ಆಯ್ದು ಮಗನಿಗೆ ತಿನ್ನಿಸಿ, ಉಳಿದದ್ದನ್ನು ತಾನು ತಿನ್ನುತ್ತಿತ್ತು. ಬೇಡನೊಬ್ಬ ಮರ ಹತ್ತಿ ಆ ತಂದೆಯ ಕತ್ತು ಮುರಿದ. ಮರಿ ತರಗೆಲೆಯ ಮೇಲೆ ಬಿದ್ದು ಬದುಕಿ, ನೀರಿನ ಕಡೆ ತೆವಳಿತು. ಸ್ನಾನಕ್ಕೆ ಬಂದ ಮುನಿಕುಮಾರ ಹಾರೀತ ಅದನ್ನೆತ್ತಿ ಕೊಕ್ಕು ತೆರೆದು ನೀರು ಹನಿಸಿದ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಓದಿದಾಗ ನನಗೆ ಕಂಡದ್ದು ವರ್ಣನೆಯ ಉದ್ದ. ಈಗ ಆ ಮುದಿ ತಂದೆಯ ಪೇಚು ಕಾಣುತ್ತದೆ. ಹನಿಹನಿಯಾಗಿ ಹಾಕಿದ ಹಾರೀತನ ಜಾಣತನವೂ.

ನಮ್ಮ ದೊಡ್ಡಕೆರೆಯ ಕಡೆ ಸಂಜೆ ಕಿರುಚುತ್ತಾ ಹೋಗುವ ಹಸಿರು ಗಿಣಿಗಳ ಮನೆತನವೂ ಹೀಗೇ. ಮರದ ಪೊಟರೆಯಲ್ಲೋ ಹಳೇ ಗೋಡೆಯ ತೂತಿನಲ್ಲೋ ಮರಿ ಮಾಡಿ, ಅವು ಹಾರಲು ಕಲಿತ ಮೇಲೂ ಕೆಲವು ಕಾಲ ತಿನ್ನಿಸುತ್ತವೆ. ಆ ಪೊಟರೆಗೆ ಕೈ ಹಾಕಿ ಮರಿ ತೆಗೆದು ಮಾರುವವರು ಇನ್ನೂ ಇದ್ದಾರೆ. ನಮ್ಮ ನೆಲದ ಗಿಣಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಗಿಣಿಶಾಸ್ತ್ರದವರು ಬೀದಿಯಲ್ಲಿ ಕಡಿಮೆಯಾದದ್ದಕ್ಕೆ ಅದೂ ಒಂದು ಕಾರಣ.

ನಮ್ಮ ಮರಿಗೆ ಗಂಜಿ ಬಿಡಿಸುವ ಕಾಲ ಬಂದಾಗ ಅತ್ತೆ ಬೇವಿನ ಸೊಪ್ಪು ಅರೆದು ಸಿರಿಂಜಿನ ತುದಿಗೆ ಹಚ್ಚು ಎಂದರು. ಮೊಲೆ ಬಿಡಿಸಲು ಅವರು ಬಳಸಿದ ಉಪಾಯ. ಬೇವಿನ ಹಣ್ಣನ್ನು ಗಿಣಿಗಳು ಇಷ್ಟಪಟ್ಟು ತಿನ್ನುವುದನ್ನು ತೋರಿಸಿದ ಮೇಲೆ ಸುಮ್ಮನಾದರು. ಗಿಣಿಗೆ ಹಸಿಮೆಣಸಿನಕಾಯಿಯ ಖಾರವೂ ಹತ್ತುವುದಿಲ್ಲ, ಅದಕ್ಕೆ ಹೆದರಿಸಲು ನಮ್ಮ ಅಡುಗೆಮನೆಯಲ್ಲಿ ಏನೂ ಇಲ್ಲ. ಮಾಡಬೇಕಾದ್ದೆಂದರೆ ತಟ್ಟೆಯಲ್ಲಿ ಹರಡಿಟ್ಟು ಕಾಯುವುದು. ಮೊಳಕೆ ಕಟ್ಟಿದ ಹೆಸರುಕಾಳು, ಬೇಯಿಸಿದ ಮುಸುಕಿನ ಜೋಳ, ಕ್ಯಾರೆಟ್ಟು, ನುಗ್ಗೆಸೊಪ್ಪು, ಸೀಬೆಹಣ್ಣಿನ ಹೋಳು. ಮೊದಮೊದಲು ಅದು ಕಾಳನ್ನು ಕೊಕ್ಕಿನಲ್ಲಿ ಎತ್ತುವುದು, ನಾಲಿಗೆಯಲ್ಲಿ ಹೊರಳಿಸುವುದು, ಬೀಳಿಸುವುದು. ಬಿದ್ದದ್ದನ್ನು ಬಗ್ಗಿ ನೋಡುವುದು. ಹೊಟ್ಟೆಗೆ ಹೋದದ್ದು ಸೊನ್ನೆ. ಈ ಹೊತ್ತಿನಲ್ಲಿ ತೂಕ ಹತ್ತರಲ್ಲೊಂದು ಪಾಲಿನೊಳಗೆ ಇಳಿದರೆ ಗಾಬರಿ ಬೇಡ, ಹಾರಲು ಮೈ ಹಗುರ ಮಾಡಿಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ಮಧ್ಯಾಹ್ನದ ಗಂಜಿಯನ್ನು ಅದಾಗಿ ಬೇಡವೆಂದಿತು. ನಾಲ್ಕು ದಿನ ಬಿಟ್ಟು ಮನೆಗೆ ನೆಂಟರು ಬಂದರು, ಗಲಾಟೆಗೆ ಹೆದರಿ ಮತ್ತೆ ಎಳೆಮರಿಯ ಹಾಗೆ ಕುಲುಕಲು ಶುರು. ಕೊಡುವುದೋ ಬಿಡುವುದೋ? ಕೊಟ್ಟೆವು. ಹಸಿವಿಟ್ಟು ಕಲಿಸಿದ ಮರಿ ದೊಡ್ಡದಾದ ಮೇಲೂ ಕೂಗುತ್ತಾ ಬೇಡುತ್ತಲೇ ಇರುತ್ತದೆ ಎಂದು ಸಾಕಿದವರು ಹೇಳುತ್ತಾರೆ. ಈ ಜಾತಿಯ ಕೂಗು ಹೇಗಿರುತ್ತದೆಂದು ಕೇಳಿದವರಿಗೆ ಗೊತ್ತು.

ಆಮೇಲೊಂದು ದಿನ ಹೆಸರುಕಾಳಿನ ಸಿಪ್ಪೆ ಸುಲಿದು ಬೇಳೆ ನುಂಗಿತು. ಒಂದು ಕಾಲಲ್ಲಿ ನಿಂತು ಇನ್ನೊಂದರಲ್ಲಿ ಜೋಳದ ಕಾಳು ಹಿಡಿದು ತಿರುಗಿಸಿ ತಿರುಗಿಸಿ ಕಚ್ಚುವುದು ಅದರ ಮುಂದಿನ ಪಾಠ. ಈಗ ಅದು ಅರ್ಧ ತಿಂದು ಅರ್ಧ ಎಸೆಯುತ್ತದೆ. ಅತ್ತೆ ಗುಡಿಸಿದ ನೆಲಕ್ಕೇ ಗುರಿಯಿಟ್ಟು ಎಸೆಯುತ್ತದೆ. “ಅನ್ನದ ಬೆಲೆ ಗೊತ್ತಿಲ್ಲದ್ದು” ಎಂದು ಬೈದು, ಮತ್ತೆ ಮೆಣಸಿನಕಾಯಿ ತೊಟ್ಟು ಮುರಿದು ಕೊಡುತ್ತಾರೆ.

ಮೊನ್ನೆ ಹಿಂದಿನ ಬೀದಿಯವರೊಬ್ಬರು ಬಂದು, ಮಗಳ ಹುಟ್ಟುಹಬ್ಬಕ್ಕೆ ಇಂಥದ್ದೇ ಒಂದು ಮರಿ ತರಬೇಕೆಂದಿದ್ದೇನೆ ಎಂದರು. ಅತ್ತೆ ಹೂ ಕಟ್ಟುತ್ತಾ ಕೂತಿದ್ದವರು ತಲೆ ಎತ್ತಿದರು. “ಸಂತೇಲಿ ಹಸ ಕೊಳ್ಳೋವಾಗ ಒಂದು ಹೊತ್ತು ಕರೆದು ನೋಡ್ದೆ ದುಡ್ಡು ಬಿಚ್ತೀಯೇನಪ್ಪಾ? ಅಂಗ್ಡೀಲೇ ಕೂತ್ಕೊ. ನಿನ್ ಕಣ್ಮುಂದೆ ಅದಾಗಿ ಕಾಳು ಒಡೆದು ತಿನ್ಲಿ, ಆಮೇಲೆ ತಾ.” ಅವರು ಶನಿವಾರ ಅಂಗಡಿಯಿಂದಲೇ ನನಗೆ ಫೋನ್ ಮಾಡಿದರು. “ಅಕ್ಕಾ, ತಿನ್ನುತ್ತಂತೆ. ಹೊಸಬರು ಮುಂದಿದ್ರೆ ನಾಚ್ಕೊಳ್ಳುತ್ತಂತೆ, ಮನೇಲಿ ತಿನ್ನುತ್ತಂತೆ.” ಅತ್ತೆಗೆ ಹೇಳಿದೆ. “ಜೊತೇಲಿ ಸಿರಿಂಜು ಕೊಡ್ತಾನಾ ಕೇಳು” ಎಂದರು.

ಕೇಳಿದೆ. ಕೊಡ್ತಾನಂತೆ, ಫ್ರೀ.