ಎದ್ದು ನಿಂತಾಗ ಕಣ್ಣು ಕತ್ತಲೆ

'ಅವರಿಗೆ ಬಿ.ಪಿ. ಉಂಟು' ಎಂದು ಯಾರಾದರೂ ಹೇಳಿದರೆ, ಅದು ಹೆಚ್ಚಾಗಿದೆ ಎಂದೇ ಅರ್ಥ. ರಕ್ತದೊತ್ತಡ ಇಳಿದರೆ ಅದೂ ಒಂದು ತೊಂದರೆಯೇ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ವರ್ಷಗಟ್ಟಲೆ ಬಿ.ಪಿ. ಮಾತ್ರೆ ನುಂಗಿದ ಮನೆಗಳಲ್ಲಂತೂ ಇಳಿದ ಅಂಕಿ ಕಂಡರೆ ಸಂತೋಷಪಡುವವರೇ ಹೆಚ್ಚು.

ಬೈಂದೂರಿನ ಜೀನಸು ಅಂಗಡಿಯ ಯಜಮಾನರೊಬ್ಬರ ಮನೆಯಲ್ಲೂ ಮೊದಲು ಆದದ್ದು ಸಂತೋಷವೇ. ವಯಸ್ಸು 48, ತೂಕ 124 ಕಿಲೋ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಮೂರೂ ಜೊತೆಗಿದ್ದವು. ರಾತ್ರಿ ಗೊರಕೆ ಹೊಡೆಯುತ್ತಲೇ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರು. ಪಥ್ಯ, ನಡಿಗೆ ಎಲ್ಲ ಮಾಡಿ ಸೋತ ಮೇಲೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡರು. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಇವರಿಗೆ ಮಾಡಿದ್ದು, ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು ಬಾಳೆಕಾಯಿ ಆಕಾರದ ಸಣ್ಣ ಚೀಲವನ್ನಷ್ಟೇ ಉಳಿಸುವ ಬಗೆ. ಆರು ತಿಂಗಳಲ್ಲಿ 36 ಕಿಲೋ ಇಳಿಯಿತು. ಗೊರಕೆ ನಿಂತಿತು. ಸಕ್ಕರೆ ಹತೋಟಿಗೆ ಬಂತು. ಹಳೆಯ ಅಂಗಿಯೊಳಗೆ ಇಬ್ಬರು ಹಿಡಿಯುವಂತಾಯಿತು.

ಆದರೆ ಹೊಸದೊಂದು ಕಾಟ ಶುರುವಾಗಿತ್ತು. ಅಂಗಡಿಯಲ್ಲಿ ಕೆಳಗೆ ಬಗ್ಗಿ ಅಕ್ಕಿ ತುಂಬಿಸಿ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಹಂಡೆಯ ಬಿಸಿನೀರು ಮಿಂದು ಬಚ್ಚಲಿನಿಂದ ಹೊರಬಂದರೆ ಗೋಡೆ ಹಿಡಿಯಬೇಕಾಗುತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. 'ಒಳ್ಳೆ ಹೊಟ್ಟೆ ಕೊಯ್ಸಿಕೊಂಡ್ರಲ್ಲ ಮಾರಾಯ್ರೆ' ಎಂದು ಮೂಗು ಮುರಿದಿದ್ದ ನೆಂಟರ ಬಾಯಿಗೆ ಮತ್ತೆ ಬೀಳುವುದು ಬೇಡವಾಗಿತ್ತು. ಚೆನ್ನಾಗಿಯೇ ಇದ್ದೇನಲ್ಲ ಎಂದು ಆಸ್ಪತ್ರೆಯ ಮರುತಪಾಸಣೆಗೂ ಎರಡು ಸಲ ಹೋಗಿರಲಿಲ್ಲ.

ಗುಟ್ಟು ಹೊರಬಿದ್ದದ್ದು ಬ್ರಹ್ಮಾವರದಲ್ಲಿ, ಹೆಂಡತಿಯ ತವರಿನ ಮದುವೆಯ ದಿನ. ಏಪ್ರಿಲ್ ತಿಂಗಳ ಸೆಕೆ. ಹೋದ ಕೂಡಲೆ ಕರಾವಳಿಯ ಪದ್ಧತಿಯಂತೆ ಬೆಲ್ಲ ನೀರು ಕೊಟ್ಟರು. ಬೇಡವೆನ್ನಲಾಗದೆ ದೊಡ್ಡ ತುಂಡು ಬೆಲ್ಲವನ್ನೇ ತಿಂದರು. ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಂಡದ್ದು ನಾಲ್ಕು ತುತ್ತು, ಮೇಲಿಂದ ಒತ್ತಾಯದ ಪಾಯಸ. ಕೈತೊಳೆಯಲು ಎದ್ದವರು ಅಲ್ಲಿಯೇ ಕುಸಿದರು. ಯಾರೋ ಸೋಡಾ ಶರಬತ್ತು ತಂದು ಬಾಯಿಗೆ ಹಿಡಿದರು. ಅಲ್ಲಿದ್ದ ನಿವೃತ್ತ ನರ್ಸ್ ಒಬ್ಬರು ಅವರನ್ನು ಗದರಿಸಿ, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂದು ತಡೆದರು. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಕ್ಕೆ ಇಡಿಸಿದರು. ಎರಡು ನಿಮಿಷದಲ್ಲಿ ಯಜಮಾನರು ಕಣ್ಣು ಬಿಟ್ಟರು. ಏಳಲು ಹೊರಟವರನ್ನು ಆಕೆ ಮತ್ತೆ ಮಲಗಿಸಿದರು.

ಕಾಲೆತ್ತಿದರೆ ಎಚ್ಚರ ಬರುವುದು ಹೇಗೆ? ಇದು ಶಾಲೆಯ ವಿಜ್ಞಾನವೇ. ಮನುಷ್ಯ ಎದ್ದು ನಿಂತ ಕೂಡಲೆ ಗುರುತ್ವಾಕರ್ಷಣೆಯಿಂದ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆ ಇಳಿಯುತ್ತದೆ. ಕುತ್ತಿಗೆಯ ಮತ್ತು ಎದೆಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಒತ್ತಡವನ್ನು ಅಳೆಯುವ ನರತುದಿಗಳಿವೆ. ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳಿನ ಅಪ್ಪಣೆಯಂತೆ ಹೃದಯ ಚುರುಕಾಗುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ಆದರೆ ನಾಳಗಳಲ್ಲಿ ದ್ರವವೇ ಕಡಿಮೆಯಿದ್ದರೆ ಅಥವಾ ನಾಳಗಳು ಬಿಗಿಯದಂತೆ ಮಾತ್ರೆ ತಡೆದರೆ, ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಕಟ್ಟುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ವೈದ್ಯರು ಅದನ್ನು ಗಮನಿಸಬೇಕಾದ ಇಳಿತವೆಂದು ಪರಿಗಣಿಸುತ್ತಾರೆ.

ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದವರಲ್ಲಿ ಇದಕ್ಕೆ ಕಾರಣಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಸಣ್ಣ ಜಠರ ಒಂದೇ ಸಲಕ್ಕೆ ಒಂದು ಚೆಂಬು ನೀರನ್ನು ಹಿಡಿಯಲಾರದು. ಊಟ ಕಡಿಮೆಯಾದಾಗ ಅದರೊಂದಿಗೆ ಬರುವ ಉಪ್ಪೂ ಕಡಿಮೆ. ತೂಕ ಇಳಿಯುವಾಗ ಇನ್ಸುಲಿನ್ ತಗ್ಗಿ, ಮೂತ್ರಪಿಂಡಗಳು ಮೊದಲಿಗಿಂತ ಹೆಚ್ಚು ಉಪ್ಪು ನೀರನ್ನು ಹೊರಹಾಕುತ್ತವೆ. ಸಿಹಿ ತಿಂದರೆ ಅದು ಬೇಗನೆ ಸಣ್ಣಕರುಳಿಗೆ ನುಗ್ಗಿ, ರಕ್ತದಲ್ಲಿನ ನೀರನ್ನು ಕರುಳಿಗೆ ಎಳೆಯುತ್ತದೆ. ಆಗ ಬೆವರು, ಎದೆಬಡಿತ, ತಲೆಸುತ್ತು ಬರುತ್ತವೆ. ಕಬ್ಬಿಣಾಂಶ, ಬಿ12 ಜೀವಸತ್ವದ ಕೊರತೆಯಿಂದ ರಕ್ತಹೀನತೆ ಬಂದರೂ ಇದೇ ಆಯಾಸ, ಇದೇ ತಲೆಸುತ್ತು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಆ ಮನೆಯಲ್ಲಿ ಮಾತ್ರೆಯ ಡಬ್ಬದಲ್ಲಿತ್ತು. 124 ಕಿಲೋ ತೂಕದ ದಿನಗಳಲ್ಲಿ ಬರೆದುಕೊಟ್ಟ ಎರಡು ಬಿ.ಪಿ. ಮಾತ್ರೆಗಳನ್ನು 88 ಕಿಲೋ ಆದ ಮೇಲೂ ಹಾಗೆಯೇ ನುಂಗುತ್ತಿದ್ದರು. ಅದರಲ್ಲೊಂದು ಮೂತ್ರ ಹೆಚ್ಚಿಸುವ ಮಾತ್ರೆ. 'ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬಾರದು' ಎಂಬ ಹಳೆಯ ಮಾತನ್ನು ಹೆಂಡತಿ ವ್ರತದಂತೆ ಪಾಲಿಸುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ದೇಹ ಬದಲಾದಾಗ ಮಾತ್ರೆಯ ಲೆಕ್ಕವೂ ಬದಲಾಗಬೇಕು, ಮತ್ತು ಆ ಲೆಕ್ಕವನ್ನು ವೈದ್ಯರೇ ಮಾಡಬೇಕು.

ಇದನ್ನು ಪತ್ತೆಹಚ್ಚಿದವಳು ಕುಂದಾಪುರದಲ್ಲಿ ಎರಡನೆಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದ ಮಗಳು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಉಪಾಯವನ್ನು 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋರಿಸಿಕೊಟ್ಟ. ಸ್ಟೆತಾಸ್ಕೋಪಿನಿಂದ ಸದ್ದು ಕೇಳಿ ಎರಡೂ ಅಂಕಿ ಹಿಡಿಯುವುದನ್ನು 1905ರಲ್ಲಿ ರಷ್ಯದ ಕೊರೊಟ್ಕಾಫ್ ಹೇಳಿಕೊಟ್ಟ. ಇಂದು ಬ್ಯಾಟರಿಯ ಯಂತ್ರ ಔಷಧದಂಗಡಿಯಲ್ಲೇ ಸಿಗುತ್ತದೆ. ನರ್ಸಮ್ಮ ಹೇಳಿದಂತೆ ಮಗಳು ಅಪ್ಪಯ್ಯನನ್ನು ಐದು ನಿಮಿಷ ಮಲಗಿಸಿ ಅಳೆದಳು. ನಿಲ್ಲಿಸಿ ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ಅಳೆದಳು. ಮಲಗಿದಾಗ 112/72, ನಿಂತಾಗ 86/58. ವಾರವಿಡೀ ಅಂಕಿಗಳನ್ನು ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ಬರೆದಳು. ಪಕ್ಕದಲ್ಲಿ ಮಾತ್ರೆ ನುಂಗಿದ ಹೊತ್ತು, ಕುಡಿದ ನೀರಿನ ಅಳತೆ, ತಿಂದ ತಿಂಡಿ. ದಿನಕ್ಕೆ ಕುಡಿದ ನೀರು ಮುಕ್ಕಾಲು ಲೀಟರನ್ನೂ ಮೀರಿರಲಿಲ್ಲ.

ವೈದ್ಯರು ಪುಸ್ತಕ ನೋಡಿ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಮೂತ್ರದ ಮಾತ್ರೆಯನ್ನು ನಿಲ್ಲಿಸಿ, ಇನ್ನೊಂದನ್ನು ಅರ್ಧ ಮಾಡಿದರು. ರಕ್ತಪರೀಕ್ಷೆ ಮಾಡಿಸಿದರು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರು ದ್ರವವನ್ನು ಗುಟುಕು ಗುಟುಕಾಗಿ ಕುಡಿಯಲು, ಊಟದ ಜೊತೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಲು ಹೇಳಿದರು. ಕುಚ್ಚಲಕ್ಕಿ ಗಂಜಿಯ ತಿಳಿ, ನೀರು ಮಜ್ಜಿಗೆ, ತೆಳು ಸಾರು ಆಗುತ್ತದೆ; ಸೋಡಾ, ಶರಬತ್ತು, ಪಾನಕ ಬೇಡ. ಎಳನೀರು ಒಳ್ಳೆಯದಾದರೂ ಮೂತ್ರಪಿಂಡದ ತೊಂದರೆ ಇರುವವರು ಕೇಳಿಯೇ ಕುಡಿಯಬೇಕು. ಉಪ್ಪನ್ನು ಎಷ್ಟು ಹೆಚ್ಚಿಸಬೇಕೆಂಬುದನ್ನೂ ವೈದ್ಯರೇ ಹೇಳಬೇಕು. ಮೀನು, ಮೊಟ್ಟೆ, ಬೇಳೆಯಂಥ ಪ್ರೋಟೀನನ್ನು ಮೊದಲು ತಿಂದು, ಅನ್ನ ಆಮೇಲೆ.

ಉಳಿದದ್ದು ಅಭ್ಯಾಸದ ಮಾತು. ಹಾಸಿಗೆಯಿಂದ ಏಳುವ ಮುನ್ನ ಒಂದು ನಿಮಿಷ ಅಂಚಿನಲ್ಲಿ ಕೂತು ಪಾದಗಳನ್ನು ಆಡಿಸಬೇಕು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು; ಬಿಸಿನೀರು ಚರ್ಮದ ನಾಳಗಳನ್ನು ಸಡಿಲಿಸುತ್ತದೆ. ಬಸ್ಸಿನಲ್ಲಿ ನಿಂತೇ ಹೋಗಬೇಕಾದರೆ ಮೀನಖಂಡಗಳನ್ನು ಬಿಗಿಹಿಡಿದು ಬಿಡುತ್ತಿರಬೇಕು. ಅವು ರಕ್ತವನ್ನು ಮೇಲಕ್ಕೆ ತಳ್ಳುವ ಪಂಪುಗಳು. ಕಣ್ಣು ಕತ್ತಲೆ ಬಂದಾಗ ನಾಚಿಕೆ ಬಿಟ್ಟು ಅಲ್ಲಿಯೇ ಕೂತುಬಿಡಬೇಕು. ಮಗಳು ಅಪ್ಪಯ್ಯನಿಗೆ ಈಗಲೂ ಹೇಳುವುದು ಅದನ್ನೇ: 'ಮೊದ್ಲ್ ಕೂಕಣಿ.'

ಎಲ್ಲ ತಲೆಸುತ್ತೂ ಇಷ್ಟು ಸರಳವಲ್ಲ ಎಂಬುದನ್ನು ಮರೆಯಬಾರದು. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ರಕ್ತದೊತ್ತಡ ಇಳಿದು ನಾಡಿ ವೇಗವಾಗಿ ಓಡಿದರೆ, ಜ್ವರ, ಹೊಟ್ಟೆನೋವು, ಕಪ್ಪು ಮಲ, ನಿಲ್ಲದ ವಾಂತಿ ಕಂಡರೆ, ಎದೆನೋವು ಬಂದರೆ, ನೋಟ್‌ಪುಸ್ತಕ ಬರೆಯುತ್ತ ಕೂರದೆ ತಕ್ಷಣ ಆಸ್ಪತ್ರೆ ಸೇರಬೇಕು.

ಆರು ವಾರಗಳ ನಂತರ ಯಜಮಾನರ ಅಂಕಿ ನಿಂತಾಗಲೂ 108ಕ್ಕೆ ಬಂತು. ಶಸ್ತ್ರಚಿಕಿತ್ಸೆ ಕೆಟ್ಟದ್ದೆಂದು ಆಡಿಕೊಂಡವರೂ, ಅದು ಮುಗಿದ ಮೇಲೆ ಇನ್ನೇನೂ ಇಲ್ಲವೆಂದು ನಂಬಿದ್ದ ಮನೆಯವರೂ ಒಂದು ವಿಷಯ ಮರೆತಿದ್ದರು: ವೈದ್ಯರು ಮಾಡುವ ಕೆಲಸ ಕೆಲವು ಗಂಟೆಗಳದ್ದು, ಮನೆಯವರು ಮಾಡಬೇಕಾದದ್ದು ಜೀವಮಾನದ್ದು. ಹೆತ್ತವರು ತಮಗಾಗುವ ತೊಂದರೆಯನ್ನು ಮಕ್ಕಳಿಂದ ಮುಚ್ಚಿಡದಿದ್ದರೆ, ಪಾಠಪುಸ್ತಕದಲ್ಲಿ ಓದಿದ ರಕ್ತಪರಿಚಲನೆಯನ್ನು ಮಕ್ಕಳು ಮನೆಯಲ್ಲೇ ಉಪಯೋಗಕ್ಕೆ ತರಬಲ್ಲರು. ಅದಕ್ಕೆ ಬೇಕಾದದ್ದು ಒಂದು ಯಂತ್ರ, ಒಂದು ನೋಟ್‌ಪುಸ್ತಕ ಮತ್ತು ದಿನಕ್ಕೆ ಹತ್ತು ನಿಮಿಷ.